ಗುದ್ದಲಿಗೆ ತೂಕವೇ ಇರಲಿಲ್ಲ

ಕಳೆದ ವರ್ಷ ಕಾಲೇಜು ಫೆಸ್ಟ್‌ನಲ್ಲಿ ನಮ್ಮ ತಂಡದ ಮೈಮ್‌ಗೆ ಮೊದಲ ಬಹುಮಾನ ಬಂತು. ವಿಷಯ ರೈತನ ಆತ್ಮಹತ್ಯೆ. ರೈತ ನಾನೇ. ಮುಖಕ್ಕೆ ಬಿಳಿ ಬಣ್ಣ, ಕಪ್ಪು ಟೀ ಶರ್ಟ್, ಹಿನ್ನೆಲೆಯಲ್ಲಿ ಗುಡುಗು, ಕೊಳಲು, ಅಳುವ ಧ್ವನಿ. ಕೊನೆಯಲ್ಲಿ ಕಾಣದ ಹಗ್ಗಕ್ಕೆ ನಾನು ಕೊರಳೊಡ್ಡಿದಾಗ ಸಭಾಂಗಣವೇ ಎದ್ದು ಚಪ್ಪಾಳೆ ತಟ್ಟಿತು.

ರಜೆಗೆ ಊರಿಗೆ ಹೋದಾಗ ಆ ವಿಡಿಯೊವನ್ನು ಅಪ್ಪನಿಗೆ ತೋರಿಸಿದೆ. ಎರಡು ಎಕರೆಯಲ್ಲಿ ರಾಗಿ, ಟೊಮೆಟೊ ಬೆಳೆಯುವವರು ಅವರು. ಪೂರ್ತಿ ನೋಡಿ ಒಂದೇ ಮಾತು ಕೇಳಿದರು: ‘ನಿನ್ನ ಗುದ್ದಲಿಗೆ ತೂಕವೇ ಇಲ್ಲವಲ್ಲೋ?’ ಹಗ್ಗದ ಬಗ್ಗೆ ಏನೂ ಹೇಳಲಿಲ್ಲ. ನಮ್ಮ ಬೀದಿಯಲ್ಲೇ ಒಬ್ಬರು ಹಾಗೆ ಹೋಗಿದ್ದಾರೆ. ಅದು ನನಗೂ ಗೊತ್ತಿತ್ತು.

ಆಮೇಲೆ ವಿಡಿಯೊವನ್ನು ಮ್ಯೂಟ್ ಮಾಡಿ ನೋಡಿದೆ. ಏನೂ ಉಳಿಯಲಿಲ್ಲ. ಅಳಿಸಿದ್ದು ನನ್ನ ಮೈಯಲ್ಲ, ಪೆನ್‌ಡ್ರೈವ್‌ನಲ್ಲಿದ್ದ ಸಂಗೀತ.

ಫೆಸ್ಟ್‌ಗಳಲ್ಲಿ ನಾವು ಮಾಡುತ್ತಿರುವುದು ಬಹುಪಾಲು ಇದನ್ನೇ. ನೀವೂ ನೋಡಿರುತ್ತೀರಿ: ಮರ ಕಡಿಯಬೇಡಿ, ಮೊಬೈಲ್ ಬಿಡಿ, ಹೆಣ್ಣನ್ನು ಗೌರವಿಸಿ. ಅಂತರ ವಿಶ್ವವಿದ್ಯಾಲಯ ಯುವಜನೋತ್ಸವದಲ್ಲಿ ಮೈಮ್‌ಗೆ 6 ಮಂದಿ, 5 ನಿಮಿಷ. ಆ ಅಳತೆಯಲ್ಲೇ ಒಂದು ಸಮಸ್ಯೆ, ಒಂದು ಸಾವು, ಒಂದು ಸಂದೇಶ ತುರುಕುತ್ತೇವೆ. ಸಂದೇಶ ಕೆಟ್ಟದ್ದಲ್ಲ. ಆದರೆ ಅದಕ್ಕೆ ಭಾಷಣ ಸಾಕು, ಮೈಮ್ ಯಾಕೆ?

ಮೊದಲ ವರ್ಷದ ಮೆಕ್ಯಾನಿಕ್ಸ್‌ನಲ್ಲಿ ಫ್ರೀ ಬಾಡಿ ಡಯಾಗ್ರಮ್ ಬರುತ್ತದೆ. ಗೋಡೆಗೆ ಒರಗಿದ ಏಣಿಯ ಲೆಕ್ಕದಲ್ಲಿ ಗೋಡೆಯನ್ನು ಅಳಿಸಿಬಿಡುತ್ತೇವೆ. ಅದು ಏಣಿಯನ್ನು ತಳ್ಳುವ ಬಲವನ್ನಷ್ಟೇ ಬಾಣದ ಗುರುತಿನಿಂದ ತೋರಿಸುತ್ತೇವೆ. ಮೈಮ್ ಕೂಡ ಹೀಗೆಯೇ. (ಎಂಜಿನಿಯರಿಂಗ್ ಇಲ್ಲಾದರೂ ಉಪಯೋಗಕ್ಕೆ ಬಂತು!) ವಸ್ತು ಇರುವುದಿಲ್ಲ, ಅದಕ್ಕೆ ಮೈ ಕೊಡುವ ಉತ್ತರ ಇರುತ್ತದೆ. ಭಾರ ಎತ್ತುವ ಮೊದಲು ಸೊಂಟ ಬಗ್ಗಬೇಕು, ಪಾದ ನೆಲ ಕಚ್ಚಬೇಕು. ಗೋಡೆಯ ಮೇಲಿಟ್ಟ ಅಂಗೈ ಮೈ ಅಲುಗಿದರೂ ಅಲುಗಬಾರದು. ಫ್ರಾನ್ಸ್‌ನ ಮಾರ್ಸೆಲ್ ಮಾರ್ಸೊ ಎದುರುಗಾಳಿಗೆ ನಡೆಯುವ ವಿಡಿಯೊ ಹುಡುಕಿ ನೋಡಿ. ಗಾಳಿ ಅವರ ಮೈಯಲ್ಲೇ ಬೀಸುತ್ತದೆ. ಅಲ್ಲಿ ಯಾವ ಸಂದೇಶವೂ ಇಲ್ಲ, ಆದರೂ ಕಣ್ಣು ಕೀಳಲಾಗುವುದಿಲ್ಲ.

ಪ್ಲೇಸ್‌ಮೆಂಟ್ ಹತ್ತಿರ ಬಂದಿದೆ, ಬಹುಮಾನ ರೆಸ್ಯೂಮೆಗೆ ಬೇಕು, ಗೆಲ್ಲುವ ದಾರಿ ಬಿಡಬೇಡ ಅನ್ನುತ್ತಾರೆ ಗೆಳೆಯರು. ಅವರ ಚಿಂತೆ ಸುಳ್ಳಲ್ಲ. ಆದರೆ ದುಡಿಯುವುದು ಹೇಗೆಂದೇ ತಿಳಿಯದೆ ಒಬ್ಬ ರೈತನನ್ನು ನೇಣಿಗೇರಿಸಿ ನಾನು ಚಪ್ಪಾಳೆ ಪಡೆದಿದ್ದೇನೆ. ಇನ್ನೊಮ್ಮೆ ಅದು ಬೇಡ. ಆಯೋಜಕರೂ ಒಂದು ವರ್ಷವಾದರೂ ಸಂಗೀತವಿಲ್ಲದೆ ಮೈಮ್ ಮಾಡಿಸಿ ನೋಡಲಿ.

ಈ ಸಲ ನಮ್ಮದು ಟೊಮೆಟೊ ಕ್ರೇಟುಗಳನ್ನು ಲಾರಿಗೆ ತುಂಬುವ ಕಥೆ. ಯಾರೂ ಸಾಯುವುದಿಲ್ಲ. ಕ್ರೇಟನ್ನು ಹೆಗಲಿಗೇರಿಸುವಾಗ ಯಾವ ಮೊಣಕಾಲು ಮೊದಲು ಮಡಚುತ್ತದೆ ಎಂದು ನಿನ್ನೆ ಫೋನ್ ಮಾಡಿ ಕೇಳಿದೆ. ಅಪ್ಪ, ‘ತಡಿ, ಎತ್ತಿ ನೋಡಿ ಹೇಳ್ತೀನಿ’ ಎಂದು ಫೋನ್ ಕೆಳಗಿಟ್ಟರು.