ನಿಲ್ಲಿಸುವ ಧೈರ್ಯ



ಧೈರ್ಯವೆಂದರೆ ಮುನ್ನುಗ್ಗುವುದು ಎಂದೇ ನಾವು ಮಕ್ಕಳಿಗೆ ಹೇಳಿಕೊಡುತ್ತ ಬಂದಿದ್ದೇವೆ. ರಣರಂಗದಿಂದ ಹಿಂದೆ ಸರಿದವನಿಗೆ ನಮ್ಮಲ್ಲಿ ಸಿದ್ಧವಾಗಿರುವ ಹೆಸರು ಉತ್ತರಕುಮಾರ. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆಯನ್ನು ನಾನೂ ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ಆದರೆ ಹಿಂದೆ ಸರಿದವರೆಲ್ಲರೂ ಉತ್ತರಕುಮಾರರಲ್ಲ. ಈ ಮಾತಿಗೆ ನಾನು ಕೊಡಬಯಸುವ ನಿದರ್ಶನ ಆಸ್ಟ್ರಿಯಾ ದೇಶದ ಕಾರ್ ರೇಸ್ ಚಾಲಕ ನಿಕಿ ಲೌಡಾ.

ಲೌಡಾ 1949ರಲ್ಲಿ ವಿಯೆನ್ನಾದ ಸಿರಿವಂತ ಉದ್ಯಮಿ ಮನೆತನದಲ್ಲಿ ಜನಿಸಿದರು. ರೇಸಿನ ಹುಚ್ಚು ಮನೆಯವರಿಗೆ ಒಪ್ಪಿಗೆಯಾಗಲಿಲ್ಲ. ಬ್ಯಾಂಕಿನಲ್ಲಿ ಸಾಲಮಾಡಿ, ಆ ಹಣ ತೆತ್ತು ತಂಡವೊಂದರಲ್ಲಿ ಸ್ಥಾನ ಪಡೆದರು. 1974ರಲ್ಲಿ ಇಟಲಿಯ ಫೆರಾರಿ ತಂಡ ಸೇರಿ, ಮರುವರ್ಷವೇ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದರು.

1976ರ ಆಗಸ್ಟ್ 1ರಂದು ಜರ್ಮನಿಯ ನೂರ್ಬರ್ಗ್‌ರಿಂಗ್‌ನಲ್ಲಿ ಪಂದ್ಯವಿತ್ತು. ಬೆಟ್ಟಕಾಡುಗಳ ನಡುವೆ ಸುಮಾರು 23 ಕಿಲೋಮೀಟರ್ ಸುತ್ತಿಬರುವ ಆ ಹಾದಿಯಲ್ಲಿ ಅವಘಡವಾದರೆ ನೆರವು ಬೇಗನೆ ತಲುಪದೆಂದು ಲೌಡಾ ಮೊದಲೇ ಎಚ್ಚರಿಸಿದ್ದರು. ಪಂದ್ಯವನ್ನು ಬಹಿಷ್ಕರಿಸೋಣವೆಂದು ಚಾಲಕರ ಮುಂದಿಟ್ಟ ಸಲಹೆ ಮತಕ್ಕೆ ಹಾಕಿದಾಗ ಬಿದ್ದುಹೋಯಿತು. ಎರಡನೆಯ ಸುತ್ತಿನಲ್ಲಿ ಅವರದೇ ಕಾರು ಅಪಘಾತಕ್ಕೀಡಾಗಿ ಹೊತ್ತಿ ಉರಿಯಿತು. ಉರಿಯಿಂದ ಅವರನ್ನು ಹೊರಗೆಳೆದವರು ಸಹಚಾಲಕರೇ. ಮುಖ, ತಲೆ ಸುಟ್ಟವು. ವಿಷದ ಹೊಗೆ ಶ್ವಾಸಕೋಶ ಸೇರಿತು. ಆಸ್ಪತ್ರೆಯಲ್ಲಿ ಪಾದ್ರಿಯೊಬ್ಬರು ಬಂದು ಅಂತಿಮ ಸಂಸ್ಕಾರದ ವಿಧಿಯನ್ನೂ ನೆರವೇರಿಸಿದರು. ಅಂಥ ಮನುಷ್ಯ ಸೆಪ್ಟೆಂಬರ್ 12ರಂದು, ಕೇವಲ ಆರು ವಾರಗಳ ಬಳಿಕ, ಮಾಯದ ಗಾಯಗಳ ಮೇಲೆ ಶಿರಸ್ತ್ರಾಣ ಧರಿಸಿ ಇಟಲಿಯ ಮೊನ್ಜಾದಲ್ಲಿ ಕಾರು ಓಡಿಸಿ ನಾಲ್ಕನೆಯವರಾಗಿ ಗುರಿ ಮುಟ್ಟಿದರು.

ಜಗತ್ತು ಕೊಂಡಾಡುವುದು ಇದನ್ನೇ. ಆದರೆ ಅವರ ಹಿರಿಮೆಯನ್ನು ನಾನು ಕಾಣುವುದು ಅದೇ ವರ್ಷದ ಅಕ್ಟೋಬರ್ 24ರಂದು, ಜಪಾನಿನ ಫುಜಿಯಲ್ಲಿ.

ಅದು ಋತುವಿನ ಕೊನೆಯ ಪಂದ್ಯ. ಲೌಡಾ ಇಂಗ್ಲೆಂಡಿನ ಜೇಮ್ಸ್ ಹಂಟ್ ಅವರಿಗಿಂತ ಮೂರು ಅಂಕ ಮುಂದಿದ್ದರು. ಧಾರಾಕಾರ ಮಳೆ, ಮುಂದಿನ ಕಾರು ಎರಚುವ ನೀರಿನಲ್ಲಿ ದಾರಿಯೇ ಕಾಣದು. ರೆಪ್ಪೆಗಳು ಸುಟ್ಟಿದ್ದರಿಂದ ಅವರಿಗೆ ಕಣ್ಣು ಮಿಟುಕಿಸುವುದೂ ಪ್ರಯಾಸವಾಗಿತ್ತು. ಎರಡು ಸುತ್ತು ಮುಗಿಸಿ ಕಾರು ನಿಲ್ಲಿಸಿ ಇಳಿದುಬಿಟ್ಟರು. ಎಂಜಿನ್ ಕೆಟ್ಟಿತೆಂದು ಹೇಳಿಬಿಡೋಣ ಎಂದು ತಂಡದವರು ಮುಂದಾದರು. ಲೌಡಾ ಒಪ್ಪಲಿಲ್ಲ, ಈ ಮಳೆಯಲ್ಲಿ ಓಡಿಸುವುದು ಅಪಾಯ, ಆದ್ದರಿಂದ ನಿಲ್ಲಿಸಿದೆ ಎಂಬ ನಿಜವನ್ನೇ ಹೇಳಿದರು. ಹಂಟ್ ಮೂರನೆಯವರಾಗಿ ಬಂದು 69 ಅಂಕ ಗಳಿಸಿದರು; ಲೌಡಾ ಅವರದು 68. ಒಂದೇ ಒಂದು ಅಂಕದಿಂದ ಪಟ್ಟ ಕೈತಪ್ಪಿತು.

‘ಉಳಿದವರು ಓಡಿಸಲಿಲ್ಲವೇ? ಸ್ವಲ್ಪ ಹೊತ್ತಿಗೆ ಮಳೆಯೂ ನಿಂತಿತಲ್ಲವೇ?’ ಎಂದು ಕೇಳುವವರುಂಟು. ನಿಂತಿತು, ನಿಜ. ಇನ್ನೊಂದಿಷ್ಟು ಕಾದಿದ್ದರೆ ಅವರು ಗೆಲ್ಲುತ್ತಿದ್ದರೇನೋ. ಆದರೆ ಮಳೆ ನಿಂತ ಮೇಲೆ ಆಡುವ ಮಾತು ಸುಲಭ. ಅದು ಸುರಿಯುತ್ತಿರುವಾಗಲೇ ತೀರ್ಮಾನಿಸಬೇಕಾದವನ ಕಷ್ಟ ಬೇರೆ. ಅದಕ್ಕಿಂತ ಮುಖ್ಯವಾಗಿ, ಮಾನ ಉಳಿಸುವ ನೆಪ ಕೈಗೆಟುಕುವಂತಿದ್ದರೂ ಅವರು ಅದನ್ನು ಮುಟ್ಟಲಿಲ್ಲ. ನನ್ನ ದೃಷ್ಟಿಯಲ್ಲಿ ಇದು ಮೊನ್ಜಾದ ಸಾಹಸಕ್ಕಿಂತ ದೊಡ್ಡದು.

1977ರಲ್ಲಿ ಅವರು ಮತ್ತೆ ಚಾಂಪಿಯನ್ ಆದರು. 1979ರಲ್ಲಿ ಸಾಕೆನಿಸಿದಾಗ ಋತುವಿನ ನಡುವೆಯೇ ಬಿಟ್ಟು ನಡೆದು, 1982ರಲ್ಲಿ ಹಿಂದಿರುಗಿ, 1984ರಲ್ಲಿ ಕೇವಲ ಅರ್ಧ ಅಂಕದ ಅಂತರದಲ್ಲಿ ಮೂರನೆಯ ಬಾರಿ ಪಟ್ಟವೇರಿದರು.

ರೇಸಿನ ಹೊರಗೂ ಅವರದು ಇದೇ ಸ್ವಭಾವ. ಅವರು ಸ್ಥಾಪಿಸಿದ ಲೌಡಾ ಏರ್ ಸಂಸ್ಥೆಯ ಬೋಯಿಂಗ್ 767 ವಿಮಾನವೊಂದು 1991ರ ಮೇ 26ರಂದು ಬ್ಯಾಂಕಾಕ್‌ನಿಂದ ಹೊರಟ ಕೆಲವೇ ನಿಮಿಷಗಳಲ್ಲಿ ಪತನಗೊಂಡು 223 ಜನರು ಅಸುನೀಗಿದರು. ಲೌಡಾ ಖುದ್ದಾಗಿ ಥಾಯ್ಲೆಂಡಿನ ಆ ಕಾಡಿಗೆ ಹೋದರು. ನೆಲಕ್ಕಿಳಿದ ವಿಮಾನದ ವೇಗ ತಗ್ಗಿಸಲು ಬಳಸುವ ಥ್ರಸ್ಟ್ ರಿವರ್ಸರ್ ಎಂಬ ಸಾಧನ ಹಾರಾಟದಲ್ಲಿರುವಾಗಲೇ ಒಂದು ಎಂಜಿನ್‌ನಲ್ಲಿ ತಾನಾಗಿ ತೆರೆದುಕೊಂಡಿತ್ತು. ಸ್ವತಃ ಪೈಲಟ್ ಆಗಿದ್ದ ಅವರು ಬೋಯಿಂಗ್ ಕಂಪನಿಯ ಸಿಮ್ಯುಲೇಟರಿನಲ್ಲಿ ಕುಳಿತು, ಅಂಥ ಸ್ಥಿತಿಯಲ್ಲಿ ವಿಮಾನವನ್ನು ಉಳಿಸಲಾಗದೆಂದು ಕಂಡುಕೊಂಡರು. ಈ ಸತ್ಯವನ್ನು ಬಹಿರಂಗವಾಗಿ ಹೇಳಿರೆಂದು ಅಷ್ಟು ದೊಡ್ಡ ಕಂಪನಿಯ ಬೆನ್ನುಹತ್ತಿದರು. ಆ ದುರಂತದ ಬಳಿಕ ಆ ಸಾಧನಕ್ಕೆ ಹೆಚ್ಚುವರಿ ಬೀಗದ ವ್ಯವಸ್ಥೆ ಕಡ್ಡಾಯವಾಯಿತು. ತನ್ನ ವಿಷಯದಲ್ಲಿ ನೆಪ ಬೇಡವೆಂದವನಿಗೆ ಮಾತ್ರ ಪರರ ನೆಪವನ್ನು ಪ್ರಶ್ನಿಸುವ ಅಧಿಕಾರವಿರುತ್ತದೆ.

2018ರಲ್ಲಿ ಶ್ವಾಸಕೋಶ ಕಸಿ ಮಾಡಿಸಿಕೊಂಡ ಲೌಡಾ 2019ರ ಮೇ 20ರಂದು ತೀರಿಕೊಂಡರು.

ಇಷ್ಟನ್ನು ಬರೆಯಲು ಕಾರಣವುಂಟು. ನಮ್ಮ ಮನೆಗಳಲ್ಲಿ ಹುಡುಗನೊಬ್ಬ ತನಗೆ ಒಗ್ಗದ ಇಂಜಿನಿಯರಿಂಗನ್ನು ನಡುವೆ ಬಿಟ್ಟು ಬಂದರೆ, ಹೆಣ್ಣುಮಗಳೊಬ್ಬಳು ಆರೋಗ್ಯ ಕೆಡಿಸುವ ನೌಕರಿಗೆ ರಾಜೀನಾಮೆಯಿತ್ತರೆ, ನೆಂಟರಿಗೆ ಹೇಳಲು ನಾವು ಮೊದಲು ಹುಡುಕುವುದು ಒಂದು ಸುಳ್ಳನ್ನು. ‘ಎಂಜಿನ್ ಕೆಟ್ಟಿತು’ ಎಂಬುದರ ನಮ್ಮೂರಿನ ರೂಪಾಂತರವದು. ಆ ಸುಳ್ಳಿನಿಂದ ಮಗು ಕಲಿಯುವುದು, ತಾನು ಮಾಡಿದ್ದು ನಾಚಿಕೆಗೇಡು ಎಂಬ ಪಾಠವನ್ನು. ಕಷ್ಟವೆಂದೊಡನೆ ಎಲ್ಲವನ್ನೂ ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಆರು ವಾರಗಳಲ್ಲಿ ಮರಳಿ ಬಂದವರೂ ಇದೇ ಲೌಡಾ. ಯೋಚಿಸಿ ನಿಲ್ಲಿಸಿದ್ದಾದರೆ, ಏಕೆ ನಿಲ್ಲಿಸಿದೆವೆಂಬುದನ್ನು ತಲೆಯೆತ್ತಿ ಹೇಳಿ. ನಿಮ್ಮ ಮಕ್ಕಳು ಹಾಗೆ ಬಂದು ಹೇಳಿದ ದಿನ, ನೆರೆಹೊರೆಯವರು ಏನೆಂದಾರೆಂದು ಎಣಿಸದೆ ಮೊದಲು ಅವರಿಗೆ ಊಟ ಬಡಿಸಿ, ಮಾತು ಕೇಳಿಸಿಕೊಳ್ಳಿ.