ಜಾಯಿಂಟರ್ ಕೊಳ್ಳುವ ಮುಂಚೆ ಹಲಗೆ ಅಳೆಯಿರಿ

ವಾರವಿಡೀ ಲ್ಯಾಪ್‌ಟಾಪ್ ಮುಂದೆ ಕೂತವರಿಗೆ ಶನಿವಾರ ಕೈಗೆ ಉಳಿ, ಗರಗಸ ಸಿಕ್ಕರೆ ಆಗುವ ಸಮಾಧಾನವೇ ಬೇರೆ. ಆದರೆ ಡ್ರಿಲ್, ಜಿಗ್‌ಸಾ ದಾಟಿ ನಿಜವಾದ ಮೇಜು ಕುರ್ಚಿಗೆ ಕೈ ಹಾಕಿದೊಡನೆ ಒಂದು ಪ್ರಶ್ನೆ ಎದುರಾಗುತ್ತದೆ: ಜಾಯಿಂಟರ್ ಬೇಕೇ? ಬೇಕಾದರೆ ಯಾವುದು? ಆರು ತಿಂಗಳಿಂದ ನಾನೂ ಇದೇ ಲೆಕ್ಕಾಚಾರದಲ್ಲಿದ್ದೆ. ಊರಿನ ಹಳೇ ಮನೆ ಕೆಡವಿದಾಗ ಅಪ್ಪ ಅಟ್ಟದ ಹಲಸಿನ ಹಲಗೆಗಳನ್ನು ಜೋಪಾನವಾಗಿ ಇಳಿಸಿಟ್ಟಿದ್ದರು. ಅವುಗಳಲ್ಲಿ ಎಂಟು ಶಿರಸಿಯಿಂದ ಪುಣೆಗೆ ಬಂದಿವೆ. ಅವುಗಳಿಂದ ಊಟದ ಮೇಜು ಆಗಬೇಕು. ಹಾಳಾದರೆ ಅಂಗಡಿಗೆ ಹೋಗಿ ಇನ್ನೊಂದು ತರುವಂಥ ಮರವಲ್ಲ ಅದು.

ಮೊದಲು ಈ ಯಂತ್ರದ ಕೆಲಸವೇನು ಎಂಬುದು ಸ್ಪಷ್ಟವಿರಲಿ. ಎರಡು ಮೇಜುಗಳು, ಅವುಗಳ ನಡುವೆ ವೇಗವಾಗಿ ತಿರುಗುವ ಅಲಗುಗಳು. ಹಲಗೆ ಹೊರಬರುವ ಕಡೆಯ ಮೇಜು ಅಲಗಿನ ತುದಿಗೆ ಸಮನಾಗಿರುತ್ತದೆ. ತಳ್ಳುವ ಕಡೆಯದು ಮಿಲಿಮೀಟರಿನಷ್ಟು ಕೆಳಗಿರುತ್ತದೆ. ಆ ವ್ಯತ್ಯಾಸದಷ್ಟೇ ಮರ ಹೆರೆದುಹೋಗಿ, ಹಲಗೆಯ ಒಂದು ಮೈ ಸಪಾಟಾಗುತ್ತದೆ. ಆ ಮೈಯನ್ನು ಬದಿಯ ಪಟ್ಟಿಗೆ ಒತ್ತಿ ಹಿಡಿದು ತಳ್ಳಿದರೆ ಅಂಚು 90 ಡಿಗ್ರಿಗೆ ಕೂರುತ್ತದೆ. ಊರಿನಲ್ಲಿ ಆಚಾರಿಗಳು ಹತ್ತರಿ ಹೊಡೆದು ಮಾಡುತ್ತಿದ್ದ ಕೆಲಸ, ಇಲ್ಲಿಯ ಬಡಗಿಗಳ ಬಾಯಲ್ಲಿ ರಂಧಾ.

ಥಿಕ್‌ನೆಸ್ ಪ್ಲೇನರ್ ಇದ್ದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಅದು ಹಲಗೆಯ ಎರಡು ಮೈಗಳನ್ನು ಸಮಾನಾಂತರ ಮಾಡುತ್ತದೆಯೇ ಹೊರತು ನೇರ ಮಾಡುವುದಿಲ್ಲ. ಅದರ ರೋಲರ್‌ಗಳು ಬಾಗಿದ ಹಲಗೆಯನ್ನು ಅದುಮಿಕೊಂಡು ಹೆರೆಯುತ್ತವೆ. ಆಚೆ ಬಂದ ಮೇಲೆ ಹಲಗೆ ಮತ್ತೆ ಬಾಗುತ್ತದೆ. ಬಾಳೆಕಾಯಿ ಒಳಗಿಟ್ಟರೆ ತೆಳ್ಳಗಿನ ಬಾಳೆಕಾಯಿ ಸಿಗುತ್ತದೆ, ಅಷ್ಟೇ.

ಇನ್ನು ಆಯ್ಕೆ. ಹೆಚ್ಚಿನವರು ಮೊದಲು ನೋಡುವುದು ಮೋಟಾರಿನ ಹಾರ್ಸ್‌ಪವರ್. ನೋಡಬೇಕಾದ್ದು ಅಗಲ. ಹವ್ಯಾಸಿಗಳಿಗೆಂದು ಬರುವ ಜಾಯಿಂಟರ್‌ಗಳು ಸಾಮಾನ್ಯವಾಗಿ 6 ಅಥವಾ 8 ಇಂಚಿನವು. ನನ್ನ ಹಲಗೆಗಳೋ 9ರಿಂದ 10 ಇಂಚು ಅಗಲ. 6 ಇಂಚಿನ ಯಂತ್ರ ಕೊಂಡರೆ ಪ್ರತಿ ಹಲಗೆಯನ್ನೂ ಉದ್ದಕ್ಕೆ ಸೀಳಿ, ಹೆರೆದು, ಮತ್ತೆ ಅಂಟಿಸಬೇಕು. ಅಷ್ಟು ಅಗಲದ ಹಲಸಿನ ಹಲಗೆಯನ್ನು ಯಂತ್ರದ ಅಳತೆಗೆ ಸೀಳಲು ನನಗೆ ಮನಸ್ಸು ಬರಲಿಲ್ಲ.

ಎರಡನೆಯದು ಉದ್ದ. ಎರಡೂ ಮೇಜು ಸೇರಿ ಎಷ್ಟು ಉದ್ದವೋ ಅದರ ಎರಡು ಪಟ್ಟು ಉದ್ದದ ಹಲಗೆಯವರೆಗೆ ನೆಮ್ಮದಿಯಾಗಿ ಕೆಲಸ ಮಾಡಬಹುದು ಎಂಬುದು ರೂಢಿಯ ಲೆಕ್ಕ. ಮೇಜಿನ ಮೇಲಿಡುವ 30 ಇಂಚಿನ ಸಣ್ಣ ಯಂತ್ರದಲ್ಲಿ 5 ಅಡಿಯವರೆಗೆ ಸರಿ. 7 ಅಡಿಯ ಹಲಗೆ ಅದರ ಮೇಲೆ ಏತದಂತೆ ಓಲಾಡುತ್ತದೆ.

ಮೂರನೆಯದು ಮೋಟಾರ್. ಸಣ್ಣ ಯಂತ್ರಗಳಲ್ಲಿ ಹೆಚ್ಚಾಗಿ ಕಾರ್ಬನ್ ಬ್ರಷ್ ಇರುವ ಮೋಟಾರ್ ಇರುತ್ತದೆ. ಹಗುರ, ಆದರೆ ಮಿಕ್ಸಿಯಂತೆ ಕಿರುಚುತ್ತದೆ. ಇಂಡಕ್ಷನ್ ಮೋಟಾರ್ ಭಾರ, ಸದ್ದು ಕಡಿಮೆ, ಬಾಳಿಕೆ ಹೆಚ್ಚು. ಫ್ಲಾಟಿನಲ್ಲಿರುವವರಿಗೆ ಇದು ಸಣ್ಣ ಮಾತಲ್ಲ. ಸೊಸೈಟಿಯ ಒಂದು ದೂರು ಸಾಕು, ಹವ್ಯಾಸ ಮುಗಿದಂತೆ. ಟಿಂಬರ್ ಮಾರ್ಕೆಟ್ ಅಂಗಡಿಗಳ ದೊಡ್ಡ ಯಂತ್ರ ನೋಡಿ ಆಸೆಪಟ್ಟರೆ, ಅದು ಸಿಂಗಲ್ ಫೇಸೋ ತ್ರೀ ಫೇಸೋ ಎಂದು ಮೊದಲು ಕೇಳಿ.

ಅಲಗು ಎರಡು ಬಗೆ. ಉದ್ದನೆಯ ನೇರ ಅಲಗು ಅಗ್ಗ, ಸಾಣೆ ಹಿಡಿಸಬಹುದು. ಹೆಲಿಕಲ್ ಎಂಬುದರಲ್ಲಿ ಸಣ್ಣ ಕಾರ್ಬೈಡ್ ಚೂರುಗಳು ಸಾಲಾಗಿರುತ್ತವೆ. ಒಂದು ಮಗ್ಗುಲು ಮೊಂಡಾದರೆ ತಿರುಗಿಸಿ ಕೂರಿಸಿದರಾಯಿತು. ಸದ್ದು ಕಡಿಮೆ, ಬೆಲೆ ಜಾಸ್ತಿ. ಯಾವುದೇ ಇರಲಿ, ಬದಲಿ ಅಲಗು ನಿಮ್ಮ ಊರಿನಲ್ಲೇ ಸಿಗುತ್ತದೆಯೇ ಎಂದು ಹಣ ಕೊಡುವ ಮುಂಚೆ ವಿಚಾರಿಸಿ.

ಹೊಸದೋ ಹಳೆಯದೋ, ಯಂತ್ರ ಪರೀಕ್ಷಿಸುವಾಗ ಉದ್ದನೆಯ ಉಕ್ಕಿನ ಪಟ್ಟಿ, ಮೂಲೆಮಟ್ಟ ಎರಡೂ ಜೊತೆಗಿರಲಿ. ಒಳಮೇಜನ್ನು ಎತ್ತಿ ಹೊರಮೇಜಿಗೆ ಸಮ ಮಾಡಿ, ಪಟ್ಟಿ ಇಟ್ಟು ಅಡಿಯಲ್ಲಿ ಬೆಳಕು ನುಸುಳುತ್ತದೆಯೇ ನೋಡಿ. ಬಳಿಕ ಎರಡು ತುಂಡುಗಳ ಅಂಚು ಹೆರೆದು ಒಂದರ ಮೇಲೊಂದು ನಿಲ್ಲಿಸಿ. ಸಂದು ಕಂಡರೆ ಕಾರಣ ಸಿಗುವವರೆಗೆ ಮುಂಗಡ ಕೊಡಬೇಡಿ.

ಊರಿನ ಹಳೇ ಮರ ತಂದಿರುವವರಿಗೆ ಎರಡು ಮಾತು. ಒಂದು, ಮೊಳೆ. ಕಣ್ಣಿಗೆ ಕಾಣದ ಒಂದು ಮುರಿದ ಮೊಳೆ ಸಾಕು ಅಲಗಿನ ಬಾಯಿ ಮುರಿಯಲು. ಹಲಗೆಯ ಮೇಲೆಲ್ಲ ಬಲವಾದ ಅಯಸ್ಕಾಂತ ಆಡಿಸಿ ನೋಡಿದಾಗ ನನ್ನ ಎಂಟು ಹಲಗೆಗಳಲ್ಲಿ ಹನ್ನೊಂದು ಮೊಳೆ ಸಿಕ್ಕವು. ಎರಡು, ಬೇಕಾದ ಉದ್ದಕ್ಕೆ ಮೊದಲು ಕತ್ತರಿಸಿ, ಆಮೇಲೆ ಹೆರೆಯಿರಿ. ಬಿಲ್ಲಿನಂತೆ ಬಾಗಿ ನಡುವೆ 8 ಮಿ.ಮೀ. ಎದ್ದಿರುವ ಹಲಗೆಯನ್ನು ಸರಿಯಾಗಿ ಎರಡು ತುಂಡು ಮಾಡಿದರೆ, ಪ್ರತಿ ತುಂಡಿನ ಬಾಗು ಸುಮಾರು 2 ಮಿ.ಮೀ.ಗೆ ಇಳಿಯುತ್ತದೆ. ಹೊಟ್ಟಾಗಿ ಹೋಗಬೇಕಿದ್ದ ಮರ ಹಲಗೆಯಲ್ಲೇ ಉಳಿಯುತ್ತದೆ.

ಬೆರಳಿನ ಮಾತು ಹೇಳದೆ ಮುಗಿಸುವಂತಿಲ್ಲ. ಕೀಬೋರ್ಡ್ ನಂಬಿ ಬದುಕುವವರು ನಾವು. ಒಂದು ಅಡಿಗಿಂತ ಗಿಡ್ಡ ತುಂಡನ್ನು ಜಾಯಿಂಟರ್ ಮೇಲೆ ಇಡಬೇಡಿ. ಅಲಗಿನ ಮೇಲಿನ ಕಾಪನ್ನು ತೆಗೆಯಬೇಡಿ. ತಳ್ಳಲು ಕೈ ಬದಲು ಪುಶ್ ಬ್ಲಾಕ್ ಬಳಸಿ. ಕೈಗವಸು ಬೇಡ, ಅಲಗಿಗೆ ಸಿಕ್ಕರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಮಕ್ಕಳು ಓಡಾಡುವ ಮನೆಯಲ್ಲಿ ಧೂಳು ಹೀರುವ ಯಂತ್ರದ ಖರ್ಚನ್ನೂ ಜಾಯಿಂಟರ್ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ.

ಇಷ್ಟೆಲ್ಲ ಕೂಡಿ ಕಳೆದು ನಾನು ಕೊಂಡದ್ದು ಯಂತ್ರವನ್ನಲ್ಲ, 22 ಇಂಚು ಉದ್ದದ ಕೈ ಹತ್ತರಿ. ಅದರ ಇಂಗ್ಲಿಷ್ ಹೆಸರೂ ಜಾಯಿಂಟರ್ ಪ್ಲೇನ್ ಎಂದೇ. ಕಂಪನಿಗಳ ಪಟ್ಟಿಯಲ್ಲಿ ನಂಬರ್ 7. ಬಾಲ್ಕನಿಯಲ್ಲಿ ರಾತ್ರಿ ಒಂಬತ್ತಕ್ಕೂ ಹೊಡೆಯಬಹುದು, ಕೆಳಮನೆಯವರು ಏಳುವುದಿಲ್ಲ. ಹಲಗೆ ಎಷ್ಟು ಅಗಲವಿದ್ದರೂ ಅದಕ್ಕೆ ತಕರಾರಿಲ್ಲ. ಜೋಡಿಸಬೇಕಾದ ಎರಡು ಹಲಗೆಗಳನ್ನು ಪುಸ್ತಕ ಮಡಚಿದಂತೆ ಒಟ್ಟಿಗೆ ಬಿಗಿದು ಎರಡರ ಅಂಚನ್ನೂ ಒಂದೇ ಸಲ ಹೊಡೆಯುತ್ತೇನೆ. ಕೈ ಕೊಂಚ ಓರೆಯಾದರೂ ಚಿಂತೆಯಿಲ್ಲ, ಬಿಡಿಸಿ ಜೋಡಿಸಿದಾಗ ಒಂದರ ಓರೆ ಇನ್ನೊಂದರದಕ್ಕೆ ವಜಾ. ಒಂದು ಮೈ ಕೈಯಲ್ಲೇ ಸಪಾಟು ಮಾಡಿ, ಇನ್ನೊಂದು ಮೈಗೆ ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ಟಿನಲ್ಲಿ ಕೂಲಿ ಕೊಟ್ಟು ಪ್ಲೇನರ್ ಹಾಕಿಸುತ್ತೇನೆ. ಒಂದು ಹಲಗೆಗೆ ಎರಡು ಸಂಜೆ ಹಿಡಿಯುತ್ತದೆ.

ಹಾಗೆಂದು ಎಲ್ಲರೂ ಇದನ್ನೇ ಮಾಡಿ ಎನ್ನುವುದಿಲ್ಲ. ನೆಲಮಹಡಿಯಲ್ಲಿ ಗ್ಯಾರೇಜ್ ಇದ್ದು, 5 ಇಂಚಿನೊಳಗಿನ ಹಲಗೆಗಳಲ್ಲಿ ತಿಂಗಳಿಗೆ ಒಂದಾದರೂ ಪೀಠೋಪಕರಣ ಮಾಡುವವರು ಇಂಡಕ್ಷನ್ ಮೋಟಾರಿನ 6 ಇಂಚಿನ ಜಾಯಿಂಟರ್ ಧಾರಾಳವಾಗಿ ಕೊಳ್ಳಬಹುದು. ವರ್ಷಕ್ಕೆ ಎರಡು ಸಾಮಾನು ಮಾಡುವವರಿಗೆ ಹತ್ತರಿ ಮತ್ತು ಟಿಂಬರ್ ಮಾರ್ಕೆಟ್ ಸಾಕು. ಅಂತೂ ಅಂಗಡಿಗೆ ಹೊರಡುವ ಮುನ್ನ ನಿಮ್ಮ ಹಲಗೆಯ ಅಗಲ, ಉದ್ದ, ಬಾಗು ಮೂರನ್ನೂ ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಮಾರುವವರು ಹೇಳುವ ಹಾರ್ಸ್‌ಪವರ್ ಕೇಳುವಾಗ ಆ ಚೀಟಿ ಕೈಯಲ್ಲಿರಲಿ.