ಸಂಘದಾಗ ಲೆಕ್ಕದ ಬುಕ್ಕು, ಸಭೆಯಾಗ ಚಾದ ಕೆಟ್ಲಿ

ನಮ್ ಕಡೆ ಹೆಂಗಸರ ಮುಂದ "ವರ" ಅಂದ್ರ ಮೊದಲು ನೆನಪಾಗೋದು ಮದುವಿ ಗಂಡು. "ಮಗಳಿಗೆ ವರ ನೋಡಾಕ ಹತ್ತೀರೇನು?" ಅಂತ ಕೇಳೋದು ರೂಢಿ. ಅದಕ್ಕ ಚರ್ಚಿನ್ಯಾಗ ಪಾಸ್ಟರು "ದೇವರು ಪ್ರತಿಯೊಬ್ಬರಿಗೂ ಒಂದೊಂದು ವರ ಕೊಟ್ಟಾನ" ಅಂದಾಗ ಹಿಂದಿನ ಸಾಲಿನ ಹುಡುಗ್ಯಾರು ಬಾಯಿಗೆ ದುಪಟ್ಟಾ ಹಿಡಕೊಂಡು ನಗ್ತಾರ. ಈ ಬರಹ ಓದೋರಾಗ ಚರ್ಚಿಗೆ ಹೋಗದಿರೋ ಅಕ್ಕಂದಿರು, ಬಾಜು ಮನಿಯೋರು ಬಾಳ ಮಂದಿ ಅದೀರಿ. ಅದಕ್ಕ ಒಂದೀಟು ಬಿಡಿಸಿ ಹೇಳ್ತೀನಿ. ಪಾಸ್ಟರು ಹೇಳೋ ವರ ಅಂದ್ರ ಪವಿತ್ರಾತ್ಮ ಒಬ್ಬೊಬ್ಬರಿಗೆ ಕೊಡೋ ಶಕ್ತಿ. ಅದು ನಮ್ಮ ಚಂದಕ್ಕ ಕೊಟ್ಟಿದ್ದಲ್ಲ, ಎಲ್ಲರ ಉಪಯೋಗಕ್ಕ ಕೊಟ್ಟಿದ್ದು.

ಅಪೊಸ್ತಲ ಪೌಲ ಕೊರಿಂಥ ಊರಿನ ಸಭೆಗೆ ಬರೆದ ಮೊದಲನೇ ಪತ್ರದ 12ನೇ ಅಧ್ಯಾಯದಾಗ ಇವುಗಳ ಪಟ್ಟಿ ಐತಿ. ಜ್ಞಾನದ ಮಾತು, ನಂಬಿಕೆ, ರೋಗ ವಾಸಿ ಮಾಡೋದು, ಪ್ರವಾದನೆ, ಬ್ಯಾರೆ ಬ್ಯಾರೆ ಭಾಷೆ ಆಡೋದು. ಕನ್ವೆನ್ಷನ್ನಿನ್ಯಾಗ ತಾಸುಗಟ್ಟಲೆ ಹೇಳೋದು ಇವುಗಳ ಬಗ್ಗೇನ. ಆದ್ರ ಅದೇ ಅಧ್ಯಾಯದ ಕೊನಿಗೆ ಹೋಗ್ರಿ, ಇನ್ನೆರಡು ಅದಾವ: ಸಹಾಯ ಮಾಡೋದು, ಆಡಳಿತ ನಡೆಸೋದು. ಆಡಳಿತ ಅನ್ನೋದಕ್ಕ ಅಲ್ಲಿರೋ ಗ್ರೀಕ್ ಪದ ಹಡಗು ನಡೆಸೋನ ಕೆಲಸದಿಂದ ಬಂದಿದ್ದು. (ಹಂಪಿಗೆ ಹೂವು ಹಡಗಿನ್ಯಾಗ ಹೋಗ್ತಿತ್ತು, ಅದಕ್ಕ ಹೂವಿನಹಡಗಲಿ ಅಂತಾರ ಅನ್ನೋ ನಮ್ಮ ಮಂದಿಗೆ ಇದು ಬೇಸು ಹಿಡಿಸಬೇಕು.) ರೋಮದೋರಿಗೆ ಬರೆದ ಪತ್ರದಾಗ ಸೇವೆ ಮಾಡೋದು, ಕಲಿಸೋದು, ಧೈರ್ಯ ಹೇಳೋದು, ಕೈ ಬಿಚ್ಚಿ ಕೊಡೋದು, ಕರುಣೆ ತೋರಿಸೋದು, ಇವನ್ನೆಲ್ಲ ಪ್ರವಾದನೆ ಕೂಡ ಒಂದೇ ಸಾಲಿನ್ಯಾಗ ಇಟ್ಟಾನ. ಅಂದ್ರ ಸಾವಿನ ಮನಿಗೆ ಹೋದಾಗ ಏನು ಮಾತಾಡಬೇಕು, ಯಾವಾಗ ಸುಮ್ಕ ಕುಂದರಬೇಕು ಅಂತ ತಿಳಿಯೋದೂ ಒಂದು ವರ.

ಆದ್ರ ನಮ್ಮ ಊರುಗಳ ಸಣ್ಣ ಸಭೆಗಳಾಗ "ಆಕಿಗೆ ವರ ಐತಿ" ಅಂತ ಯಾರಿಗೆ ಅಂತಾರ? ದನಿ ಚಂದ ಇದ್ದಾಕಿಗೆ. ಜೋರಾಗಿ ಪ್ರಾರ್ಥನೆ ಮಾಡೋರಿಗೆ. ಮೈಕಿನ ಮುಂದ ನಿಂತೋರಿಗೆ. ಉಳಿದೋರದ್ದು "ಕೆಲಸ". ವರಕ್ಕ ಚಪ್ಪಾಳೆ, ಕೆಲಸಕ್ಕ "ಅಕ್ಕಾ, ಇನ್ನೆರಡು ಗ್ಲಾಸು ಚಾ".

ನಮ್ಮ ಓಣ್ಯಾಗ ಒಬ್ಬಾಕಿ ಅಕ್ಕ ಅದಾಳ. ಹೆಸರು ಬ್ಯಾಡ, ಓದಿದ್ರ ಆಕಿಗೇ ಗೊತ್ತಾಗ್ತತಿ. ಏಳನೇತ್ತ ಓದ್ಯಾಳ. ಸರ್ಕಾರ 2000-01ರಾಗ ಸ್ತ್ರೀಶಕ್ತಿ ಯೋಜನೆ ಶುರು ಮಾಡಿದ ಮ್ಯಾಲೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಕಡೆ ಎಷ್ಟೋ ಹೆಂಗಸರ ಸಂಘ ಹುಟ್ಟಿದ್ವು. ಅಂಥದ್ದೊಂದು ಸಂಘದ ಲೆಕ್ಕದ ಬುಕ್ಕು ಈಕಿ ಕೈಯಾಗ ಐತಿ. ವಾರದ ಉಳಿತಾಯ, ಯಾರು ಸಾಲ ತಗಂಡ್ರು, ಬಡ್ಡಿ ಎಷ್ಟು, ಯಾರ ಕಂತು ತಪ್ಪಿತು, ಎಲ್ಲಾ ನಾಲಿಗಿ ತುದಿಗೆ. ಬ್ಯಾಂಕ್ ಮ್ಯಾನೇಜರ್ ಮುಂದ ಕುರ್ಚಿ ಎಳಕೊಂಡು ಕುಂತು ಮಾತಾಡ್ತಾಳ. ಅದಕ್ಕಿಂತ ದೊಡ್ಡದು ಇನ್ನೊಂದು ಐತಿ. ಕಂತು ಕಟ್ಟದಿರೋ ಮನಿಗೆ ಹೋದಾಗ ಬಾಗಿಲಾಗ ನಿಂತು ಕೂಗಂಗಿಲ್ಲ. ಒಳಗ ಹೋಗಿ ನೀರು ಕುಡದು, ಗಂಡ ಕುಡದು ಬಂದಾನೋ, ಮಗಳ ಹೆರಿಗಿಗೆ ದುಡ್ಡು ಖರ್ಚಾತೋ ತಿಳಕೊಂಡು, ಎರಡು ವಾರ ತಡದು, ಮತ್ತ ವಸೂಲಿ ಮಾಡ್ತಾಳ. ಬಿಡಂಗಿಲ್ಲ, ಮರ್ಯಾದಿನೂ ಕಳಿಯಂಗಿಲ್ಲ. ಪೌಲನ ಪಟ್ಟಿ ಹಿಡಕೊಂಡು ನೋಡ್ರಿ: ಆಡಳಿತ ಒಂದು, ಕರುಣೆ ಒಂದು. ಎರಡೂ ಒಬ್ಬಾಕೀಲೇ ಅದಾವ.

ಈಕಿ ಭಾನುವಾರ ಸಭೆಗೆ ಬಂದ್ರ ಕೈಯಾಗ ಕೆಟ್ಲಿ.

ಒಂದು ವರ್ಷ ಸುಗ್ಗಿ ಕಾಣಿಕೆ ಹರಾಜಿನ ಲೆಕ್ಕ ತಾಳೆ ಆಗ್ಲಿಲ್ಲ. ಕುಂಬಳಕಾಯಿ, ಶೇಂಗಾ, ಜ್ವಾಳ, ಕೋಳಿ ಎಲ್ಲಾ ಹರಾಜಾಗಿ ಬಂದ ದುಡ್ಡು ಚೀಟಿಗೂ ಪೆಟ್ಟಿಗಿಗೂ ಹೊಂದ್ಲಿಲ್ಲ. ಕಮಿಟಿಯೋರು ಒಳಗ ರಾತ್ರಿ ಹತ್ತರ ತನಕ ಕೂಗ್ಯಾಡಿದ್ರು. ಒಬ್ಬರಿಗೊಬ್ಬರು ಅನುಮಾನ ಪಟ್ರು, ಎರಡು ಮನೆತನ ಆರು ತಿಂಗಳು ಮಾತು ಬಿಟ್ವು. ಲೆಕ್ಕ ಬಲ್ಲಾಕಿ ಹೊರಗ ಕಟ್ಟಿ ಮ್ಯಾಲೆ ಕುಂತು ಗ್ಲಾಸು ತೊಳಿಯಾಕ ಹತ್ತಿದ್ಲು. ಕರೀಬೇಕು ಅಂತ ಯಾರ ತಲಿಗೂ ಹೊಳಿಲಿಲ್ಲ. ಆ ಗಂಡಸರು ಕೆಟ್ಟೋರು ಅಂತ ನಾ ಅನ್ನಂಗಿಲ್ಲ. ಅವರ ಕಣ್ಣಿಗೆ ಆಕಿ ಕೆಟ್ಲಿ ಕೂಡ ಕಾಣ್ತಾಳ, ಬುಕ್ಕಿನ ಕೂಡ ಕಾಣಂಗಿಲ್ಲ, ಅಷ್ಟ. ಕರ್ನಾಟಕದ ಪಂಚಾಯಿತಿಗಳಾಗ 2010ರಿಂದ ಅರ್ಧ ಸೀಟು ಹೆಂಗಸರಿಗೆ ಅಂತ ಆಗೇತಿ. ಪಂಚಾಯಿತಿ ಕಲಿತ ಪಾಠ ದೇವರ ಮನಿ ಇನ್ನೂ ಕಲಿಬೇಕಂದ್ರ ಹೆಂಗ?

ಯೇಸು ಹೇಳಿದ ತಲಾಂತುಗಳ ಕತಿ ಚರ್ಚಿಗೆ ಹೋಗೋರಿಗೆಲ್ಲ ಗೊತ್ತು. ಧಣಿ ಒಬ್ಬಾತಗ ಐದು, ಒಬ್ಬಾತಗ ಎರಡು, ಒಬ್ಬಾತಗ ಒಂದು ಕೊಟ್ಟು ಹೋಗ್ತಾನ. ಒಂದು ಸಿಕ್ಕಾತ ಅದನ್ನ ನೆಲದಾಗ ಹುಗಿತಾನ. ತಲಾಂತು ಅಂದ್ರ ಸಣ್ಣ ನಾಣ್ಯ ಅಲ್ಲ, ಆಗಿನ ಕಾಲದ 6,000 ದಿನದ ಕೂಲಿ! ಇಂಗ್ಲಿಷಿನ ಟ್ಯಾಲೆಂಟ್ ಅನ್ನೋ ಮಾತೂ ಈ ಕತಿಯಿಂದಾನ ಬಂದಿದ್ದು. ಪ್ರತಿ ಸಲ ಈ ಕತಿ ಹೇಳಿ "ನಿಮ್ಮ ತಲಾಂತು ಹುಗಿಬ್ಯಾಡ್ರಿ" ಅಂತ ನಮಗ ಬುದ್ಧಿ ಹೇಳ್ತಾರ. ಹುಗಿಯೋರು ಎಷ್ಟೋ ಸಲ ನಾವಲ್ಲ. ನಮ್ಮ ತಲಾಂತಿನ ಮ್ಯಾಲೆ ಮಣ್ಣು ಎಳಿಯೋರು ಸಭೆಯೋರು, ಮನಿಯೋರು.

ಈಗ ಒಂದು ಹೊಸ ಪದ್ಧತಿ ಬಂದೈತಿ. ಬೆಂಗಳೂರು ಕಡೆಯಿಂದ ಬಂದೋರು ಒಂದು ಫಾರ್ಮು ಕೊಡ್ತಾರ. ಪ್ರಶ್ನೆಗೆ ನಂಬರು ಹಾಕ್ಕೊಂತ ಹೋಗಬೇಕು, ಕೊನಿಗೆ ಕೂಡಿಸಿದ್ರ ನಿಮ್ಮ ವರ ಯಾವುದು ಅಂತ ಗೊತ್ತಾಗ್ತತಂತ. ಹೆಂಗಸರ ಕೂಟದಾಗ ಅದನ್ನ ಓದಿ ಹೇಳಿದ್ರು. "ಯಾವ ಕೆಲಸ ಮಾಡಿದ್ರ ನಿಮಗೆ ಬಾಳ ಖುಷಿ ಆಗ್ತತಿ?" ಅಂತ ಒಂದು ಪ್ರಶ್ನೆ. ನಮ್ಮ ಕೂಟದ ಹಿರಿಯಾಕಿ ಅಬೆ "ಸುಮ್ಕ ಕುಂತ್ರ ಖುಷಿ ಆಗ್ತತಿ ನೋಡವ್ವ" ಅಂದ್ಲು. ನಕ್ಕು ನಕ್ಕು ಸಾಕಾತು. ನಗು ಹಂಗಿರ್ಲಿ, ಆ ಮಾತು ಖರೇ. ಐವತ್ತು ವರ್ಷ ರೊಟ್ಟಿ ಬಡದಾಕಿಗೆ "ನಿನಗೇನು ಇಷ್ಟ" ಅಂತ ಕೇಳಿದೋರಿಲ್ಲ, ಬ್ಯಾರೆ ಕೆಲಸ ಮಾಡಿ ನೋಡೋ ಸಂದರ್ಭ ಸಿಕ್ಕಿಲ್ಲ. ಮಾಡಿ ನೋಡದ ಕೆಲಸಕ್ಕ ಸೊನ್ನೆ ಹಾಕಬೇಕೋ, ಐದು ಹಾಕಬೇಕೋ ಆಕಿಗೆ ಹೆಂಗ ಗೊತ್ತಾಗಬೇಕು? ವರ ಮಾಡಿದಾಗ ಕಾಣ್ತತಿ. ಅದೂ ಮಾಡಿದೋರಿಗಿಂತ ಮೊದಲು ನೋಡಿದೋರಿಗೆ ಕಾಣ್ತತಿ.

ಇದಕ್ಕ ಪಂಡಿತಾ ರಮಾಬಾಯಿಯೋರಿಗಿಂತ ದೊಡ್ಡ ಸಾಕ್ಷಿ ಬ್ಯಾಡ. ನಮ್ಮ ಹಡಗಲಿ, ಹರಪನಹಳ್ಳಿ ಬಾಜು ಹರಿಯೋ ತುಂಗಭದ್ರೆಯ ತುಂಗಾ, ಭದ್ರಾ ಎರಡೂ ಹುಟ್ಟೋದು ಗಂಗಾಮೂಲದಾಗ. ಅದೇ ಗಂಗಾಮೂಲದ ಕಾಡಿನ್ಯಾಗ 1858ರಾಗ ಹುಟ್ಟಿದಾಕಿ ರಮಾಬಾಯಿ. ಅಪ್ಪ ಅನಂತ ಶಾಸ್ತ್ರಿ ಡೋಂಗ್ರೆ ಹೆಂಡ್ತಿಗೆ ಸಂಸ್ಕೃತ ಕಲಿಸಿದ್ರು, ಅದಕ್ಕ ಮಂದಿ ಎದುರು ನಿಂತ್ರು, ಅವರು ಕಾಡಿಗೆ ಹೋಗಿ ಮನಿ ಮಾಡಿದ್ರು. ಆ ತಾಯಿ ಲಕ್ಷ್ಮೀಬಾಯಿ ಮನಿ ಕೆಲಸದ ನಡುವ ಮಗಳಿಗೆ ಪಾಠ ಹೇಳಿದ್ಲು. ಬರಗಾಲದಾಗ ಅಪ್ಪ, ಅವ್ವ ತೀರಿಕೊಂಡ್ರು. ಅಣ್ಣನ ಕೂಡ ಊರೂರು ನಡಕೊಂತ ಪುರಾಣ ಹೇಳಿ ಹೊಟ್ಟಿ ಹೊರದಾಕಿ ಈಕಿ. 1878ರಾಗ ಕಲ್ಕತ್ತಾದ ವಿದ್ವಾಂಸರು ಆಕಿ ಮಾತು ಕೇಳಿ "ಪಂಡಿತಾ", "ಸರಸ್ವತಿ" ಅಂತ ಬಿರುದು ಕೊಟ್ರು. ಆಕಿ ಯಾವ ಫಾರ್ಮೂ ತುಂಬಲಿಲ್ಲ. ಮನಿಯಾಗ ಒಬ್ಬರು ಕಲಿಸಿದ್ರು, ಬೀದ್ಯಾಗ ಮಂದಿ ಕೇಳಿದ್ರು, ಕೇಳಿದೋರು ಗುರುತಿಸಿದ್ರು.

ಮುಂದ 1883ರಾಗ ಇಂಗ್ಲೆಂಡಿನ್ಯಾಗ ದೀಕ್ಷಾಸ್ನಾನ ತಗಂಡು ಕ್ರೈಸ್ತಳಾದ್ಲು. ಪುಣೆ ಹತ್ರ ಕೇಡಗಾಂವಿನ್ಯಾಗ ಆಕಿ ಕಟ್ಟಿದ ಮುಕ್ತಿ ಮಿಷನ್ನಿಗೆ 1896-97ರ ಬರದಾಗ ಅನಾಥ ಹುಡುಗ್ಯಾರು, ವಿಧವೆಯರು ನೂರಾರು ಮಂದಿ ಬಂದ್ರು. ಅಲ್ಲಿ ಬರೇ ಪ್ರಾರ್ಥನೆ ಕಲಿಸಿ ಕೂಡಿಸಲಿಲ್ಲ. ನೇಯ್ಗಿ ಇತ್ತು, ಹೈನು ಇತ್ತು, ಎಣ್ಣಿ ತೆಗಿಯೋದಿತ್ತು, ಹೊಲದ ಕೆಲಸ ಇತ್ತು, ಅಚ್ಚಿನ ಮನಿನೂ ಇತ್ತು. ಹೀಬ್ರೂ, ಗ್ರೀಕ್ ಕಲಿತು ರಮಾಬಾಯಿ ಮರಾಠಿಗೆ ಬೈಬಲ್ ತಂದಾಗ ಅದರ ಅಚ್ಚಿನ ಮೊಳಿ ಜೋಡಿಸಿದೋರು ಇಂಥ ಹೆಂಗಸರು. ಬರದಾಗ ಮೂಳೆ ಚಕ್ಕಳ ಆಗಿ ಬಂದ ಹುಡುಗಿಗೆ ಮೊಳಿ ಜೋಡಿಸೋ ವರ ಐತಿ ಅಂತ ಮೊದಲ ಯಾರಿಗೆ ಗೊತ್ತಿತ್ತು? ಅಚ್ಚಿನ ಮನಿ ಬಾಗಿಲು ತೆಗೆದಿದ್ರು, ಅದಕ್ಕ ಗೊತ್ತಾತು.

ಇಲ್ಲಿ ಒಂದು ಮಾತು ಹುಷಾರಾಗಿ ಹೇಳಬೇಕು. ಚಾ ಮಾಡೋದು, ಹೊಲಿಯೋದು ಕೀಳು ಅಂತ ನಾ ಅನ್ನಾಕ ಹತ್ತಿಲ್ಲ. ಅಪೊಸ್ತಲರ ಕೃತ್ಯಗಳು 9ನೇ ಅಧ್ಯಾಯದಾಗ ಯೊಪ್ಪ ಊರಿನ ತಬಿಥಾ ಬರ್ತಾಳ. ಆಕಿ ಸತ್ತಾಗ ಊರಿನ ವಿಧವೆಯರು ಅಳಕೊಂತ, ಆಕಿ ಹೊಲಿದುಕೊಟ್ಟ ಅಂಗಿಗಳನ್ನ ಪೇತ್ರಗ ತೋರಿಸ್ತಾರ. ನಮ್ಮ ಕಡೆ ಅಜ್ಜಿ ತೀರಿಕೊಂಡ ಮ್ಯಾಲೆ ಆಕಿ ಹೊಲಿದ ಕೌದಿ ತೆಗೆದು ಮುಖಕ್ಕ ಹಿಡಕೊಂಡು ಅಳಂಗಿಲ್ಲೇನು, ಹಂಗ. ಹೊಸ ಒಡಂಬಡಿಕೆಯಾಗ "ಶಿಷ್ಯೆ" ಅನ್ನೋ ಹೆಣ್ಣು ರೂಪದ ಗ್ರೀಕ್ ಪದ ಒಂದೇ ಒಂದು ಸಲ ಬರ್ತತಿ, ಅದೂ ಈ ಸೂಜಿ ಹಿಡಿದಾಕಿಗೆ. ಆದ್ರ ತಬಿಥಾಳ ಹೆಸರು ಹೇಳಿ ಎಲ್ಲಾ ಹೆಂಗಸರ ಕೈಗೂ ಸೂಜಿ ಕೊಟ್ಟು ಕೂಡಿಸೋದು ಸರಿ ಅಲ್ಲ. ಅಡಿಗಿ ವರ ಇದ್ದಾಕಿ ಅಡಿಗಿ ಮಾಡ್ಲಿ. ಲೆಕ್ಕದ ವರ ಇದ್ದಾಕಿ ಯಾಕ ಮಾಡಬೇಕು?

"ಹೆಂಗಸರು ಸಭೆಯಾಗ ಸುಮ್ನಿರಬೇಕು ಅಂತ ಪೌಲನ ಬರ್ದಾನಲ್ಲ" ಅಂತ ಕೆಲವು ಅಣ್ಣಂದಿರು ಅಂತಾರ. ಬರ್ದಾನ, ಅದೇ ಪತ್ರದ 14ನೇ ಅಧ್ಯಾಯದಾಗ. ಆದ್ರ 11ನೇ ಅಧ್ಯಾಯದಾಗ ಹೆಂಗಸರು ಪ್ರಾರ್ಥನೆ ಮಾಡುವಾಗ, ಪ್ರವಾದನೆ ಹೇಳುವಾಗ ಹೆಂಗಿರಬೇಕು ಅಂತಾನೂ ಬರ್ದಾನ. ಬಾಯಿ ತೆಗಿಯಾಕ ಬಿಡದಿದ್ರ ಆ ಮಾತು ಯಾಕ ಬೇಕಿತ್ತು? ಬಾಳ ದೂರ ಹೋಗೋದೂ ಬ್ಯಾಡ. ದಕ್ಷಿಣ ಇಂಡಿಯಾ ಸಭೆ, ನಾವು ಸಿಎಸ್ಐ ಅಂತೀವಲ್ಲ, ಅದರ ಮೊದಲ ಮಹಿಳಾ ಬಿಷಪ್ ಆಗಿ 2013ರಾಗ ಇ. ಪುಷ್ಪಲಲಿತಾ ಅವರು ಗದ್ದುಗಿ ಏರಿದ್ದು ಆಂಧ್ರದ ನಂದ್ಯಾಲದಾಗ, ಬಳ್ಳಾರಿ ದಾಟಿದ್ರ ಆ ಕಡೆ. ಬಿಷಪ್ ಆಗಾಕ ಬರ್ತತಿ, ಕಾಣಿಕೆ ಎಣಿಸಾಕ ಬರಂಗಿಲ್ಲೇನು?

ಇನ್ನ ವರ ಇದ್ದ ಕೂಡ್ಲೆ ಆತ್ಮ ಬೆಳೀತು ಅಂತನೂ ಅಲ್ಲ. ಕೊರಿಂಥದೋರಿಗೆ ವರಗಳು ಬಾಳ ಇದ್ವು, ಜಗಳನೂ ಬಾಳ ಇದ್ವು. ಅದಕ್ಕ ಪೌಲ 12ನೇ ಅಧ್ಯಾಯ ಮುಗಿಸಿದ ಕೂಡ್ಲೆ ಪ್ರೀತಿ ಬಗ್ಗೆ ಶುರು ಮಾಡ್ತಾನ. ಸಭೆಯಾಗ ಕಣ್ಣೀರು ಹಾಕಿ ಪ್ರಾರ್ಥನೆ ಮಾಡಿ, ಮನಿಗೆ ಬಂದು ಸೊಸಿ ಕೂಡ ಮೂರು ದಿನ ಮಾತು ಬಿಡೋರನ್ನ ನಾವೆಲ್ಲ ನೋಡೀವಿ. (ಯಾರು ಅಂತ ಕೇಳಬ್ಯಾಡ್ರಿ.) ಬೆಳವಣಿಗಿ ಅಳಿಯಾಕ ನನಗ ಸೊಸ್ತೇರ ಮಾತೇ ಸಾಕು.

ರೋಗ ವಾಸಿ ಮಾಡೋ ವರ ಐತಿ ಅನ್ನೋರ ವಿಷಯದಾಗ ಮಾತ್ರ ನಾ ಬಿಗಿ. ಪ್ರಾರ್ಥನೆ ಮಾಡ್ರಿ, ತಲಿ ಮ್ಯಾಲೆ ಕೈ ಇಡ್ರಿ, ನಾನೂ ಆಮೆನ್ ಅಂತೀನಿ. ಆದ್ರ "ನಂಬಿಕೆ ಇದ್ರ ಗುಳಿಗಿ ಬಿಡು" ಅಂದೋರ ಮಾತು ಕೇಳಬ್ಯಾಡ್ರಿ. ಟಿಬಿ ಗುಳಿಗಿ ಸಾಮಾನ್ಯಕ್ಕ ಆರು ತಿಂಗಳು, ಕೆಮ್ಮು ನಿಂತ್ರೂ ನುಂಗಬೇಕು. ನಡುವ ಬಿಟ್ರ ಆ ಔಷಧಿಗೆ ಬಗ್ಗದ ಟಿಬಿ ಆಗ್ತತಿ. ಬಿಪಿ, ಸಕ್ಕರಿ ಗುಳಿಗಿನೂ ಡಾಕ್ಟರ್ ಹೇಳದ ಬಿಡಂಗಿಲ್ಲ. ತಪ್ಪದಂಗ ಗುಳಿಗಿ ನುಂಗಿಸಾಕ ದಿನಾ ಸಂಜಿಗೆ ಬಾಜು ಮನಿಗೆ ಹೋಗಿ ಬರೋ ಒಬ್ಬಾಕಿನ ನಾ ಬಲ್ಲೆ. ವಾಸಿ ಮಾಡೋ ವರ ಅಂದ್ರ ನನ್ನ ಲೆಕ್ಕದಾಗ ಅದು.

ಹಂಗಾರ ಏನು ಮಾಡಬೇಕು? ಸರದಿ ಹಚ್ಚಬೇಕು. ಮನ್ಯಾಗ ಹುಡುಗಿಗೆ ರೊಟ್ಟಿ ಬಡಿಯಾಕ ಬರ್ತತೋ ಇಲ್ಲೋ ಫಾರ್ಮು ಕೊಟ್ಟು ನೋಡ್ತೀವೇನು? ಹಿಟ್ಟು ಕೊಟ್ಟು ನೋಡ್ತೀವಿ. ಮೊದಲನೇದು ಹರಿತತಿ, ಎರಡನೇದು ಸೊಟ್ಟ ಆಗ್ತತಿ, ಯಾರೂ ಬಯ್ಯಂಗಿಲ್ಲ. ಸಭೆಯಾಗೂ ಹಂಗ. ಮೂರು ತಿಂಗಳು ವಾಕ್ಯ ಓದೋ ಸರದಿ ಹೆಂಗಸರಿಗೂ ಬರ್ಲಿ, ತಡವರಿಸಿದ್ರ ತಡವರಿಸ್ಲಿ. ಕಾಣಿಕೆ ಎಣಿಸುವಾಗ ಇಬ್ಬರು ಗಂಡಸರ ಕೂಡ ಇಬ್ಬರು ಹೆಂಗಸರು ಕುಂದರ್ಲಿ. ಆಸ್ಪತ್ರಿಗೆ, ಸಾವಿನ ಮನಿಗೆ ಪಾಸ್ಟರ ಕೂಡ ಪಾಸ್ಟರಮ್ಮನ ಒಬ್ಬಾಕೀನೇ ಯಾಕ ಹೋಗಬೇಕು, ಆಕಿಗೂ ಸಾಕಾಗೇತಿ. ಹುಡುಗರಾಗ ಯಾರ ಕೈಗೆ ಅಡಿಗಿ ರುಚಿ ಐತೋ ಅದೂ ಗೊತ್ತಾಗ್ಲಿ, ಒಲಿ ಹತ್ರ ಬರ್ಲಿ. ಓದೋ ಹುಡುಗ್ಯಾರು ಇದ್ರ ಮಂಗಳೂರಿನ ಬಲ್ಮಠದಾಗ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಐತಿ, 1965ರಿಂದ ಐತಿ. "ಹೆಣ್ಣುಮಕ್ಕಳಿಗೆ ಯಾಕ ದೇವರ ಶಾಸ್ತ್ರ" ಅನ್ನೋ ಮುಂಚೆ ಒಂದು ಅರ್ಜಿ ತರಿಸಿ ನೋಡ್ರಿ.

"ಕರದ್ರೂ ಹೆಂಗಸರು ಮೀಟಿಂಗಿಗೆ ಬರಂಗಿಲ್ಲ" ಅಂತ ಕಮಿಟಿಯೋರು ದೂರು ಹೇಳ್ತಾರ. ಮೀಟಿಂಗ್ ಇಡೋದು ಸಂಜಿ ಏಳಕ್ಕ. ಆ ಹೊತ್ತಿನ್ಯಾಗ ಯಾರ ಮನಿ ಒಲಿ ಮ್ಯಾಲೆ ಹಂಚು ಇರಂಗಿಲ್ಲ ಹೇಳ್ರಿ? ಭಾನುವಾರ ಆರಾಧನೆ ಮುಗಿದ ಕೂಡ್ಲೆ ಅಲ್ಲೇ ಇಡ್ರಿ, ಅರ್ಧ ತಾಸು ಸಾಕು. ಓಣಿ ಅಕ್ಕಗ ನಾ ಈಗಾಗಲೇ ಹೇಳೀನಿ, ಬರೋ ವಾರ ಸಂಘದ ಬುಕ್ಕು ಚೀಲದಾಗ ಹಾಕ್ಕೊಂಡು ಬಾ ಅಂತ. ಚಾ ಬೇಕಾದೋರು ಸಕ್ಕರಿ ಡಬ್ಬಿ ಎಲ್ಲೈತಿ ಅಂತ ಹಿಂದಿನ ದಿನಾನ ಆಕಿನ್ನ ಕೇಳಿ ಇಟ್ಟುಕೊಳ್ರಿ.